ಕುದುರೆಮುಖದ ನೆತ್ತಿ ಯಾಕೆ ಬೋಳು?

ಕುದುರೆಮುಖದ ಚಾರಣ ಶುರುವಾಗುವ ಮುಳ್ಳೋಡಿಯಿಂದ ಹೊರಟು, ದಾರಿಯ ಗುರುತಾದ ಒಂಟಿಮರದ ಹತ್ತಿರ ಬರುವಷ್ಟರಲ್ಲಿ ಹೊಸಬರ ಬಾಯಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: ಇಲ್ಲಿನ ಮರಗಳನ್ನೆಲ್ಲ ಯಾರು ಕಡಿದರು? ಕಣ್ಣೆದುರು ಅಲೆ ಅಲೆಯಾಗಿ ಎದ್ದ ಹುಲ್ಲಿನ ಗುಡ್ಡಗಳು. ಮರಗಳೆಲ್ಲ ಗುಡ್ಡದ ಮಡಿಕೆಗಳಲ್ಲಿ ಒತ್ತಿಕೊಂಡು ಕೂತಿವೆ. ಗಣಿಗಾರಿಕೆಯ ಸುದ್ದಿ ಓದಿಕೊಂಡು ಬಂದವರಿಗಂತೂ ಅನುಮಾನ ಇನ್ನೂ ಗಟ್ಟಿಯಾಗುತ್ತದೆ.

ಯಾರೂ ಕಡಿದಿಲ್ಲ. ಆ ಹುಲ್ಲು ಅಲ್ಲಿ ಇರಬೇಕಾದದ್ದೇ. ಇದೊಂದು ಅರ್ಥವಾದರೆ ಈ ಬೆಟ್ಟದ ಹಳ್ಳ ಒಂದು ಗಂಟೆಯೊಳಗೆ ಯಾಕೆ ಏರುತ್ತದೆ, ಮಧ್ಯಾಹ್ನಕ್ಕೇ ಯಾಕೆ ಹಿಂದಿರುಗಬೇಕು, ಬೇಸಿಗೆ ಬಂತೆಂದರೆ ದಾರಿ ಯಾಕೆ ಮುಚ್ಚುತ್ತಾರೆ ಅನ್ನುವುದೆಲ್ಲ ಒಂದರ ಹಿಂದೆ ಒಂದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಶಿಖರದ ಎತ್ತರ 1894 ಮೀಟರ್. ಕುದುರೆಯ ಮೋರೆಯ ಹಾಗೆ ಕಾಣುತ್ತದೆಂದು ಈ ಹೆಸರು. ಸಂಸೆ ಊರಿನ ಕಡೆಯಿಂದ ಹತ್ತುತ್ತಿದ್ದುದರಿಂದ ಸಂಸೆಪರ್ವತ ಅಂತಲೂ ಕರೆಯುತ್ತಿದ್ದರು. ಸುತ್ತಲಿನ ರಾಷ್ಟ್ರೀಯ ಉದ್ಯಾನ ಸುಮಾರು 600 ಚದರ ಕಿ.ಮೀ. ಇದ್ದು, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಮೂರೂ ಜಿಲ್ಲೆಗಳಲ್ಲಿ ಹರಡಿದೆ. 1987ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನವಾಗಿಸಲು ಒಂದು ದೊಡ್ಡ ಕಾರಣ ಸಿಂಗಳೀಕ. ಹೆಚ್ಚಾಗಿ ನೆಲಕ್ಕೆ ಇಳಿಯದೆ ಮರದಿಂದ ಮರಕ್ಕೇ ಬದುಕು ಸಾಗಿಸುವ ಈ ಕೋತಿಗೆ ಕಡಿಯದ ನಿತ್ಯಹರಿದ್ವರ್ಣ ಕಾಡೇ ಬೇಕು. ಕರ್ನಾಟಕದಲ್ಲಿ ಅದು ಎಲ್ಲೆಲ್ಲಿ ಉಳಿದಿದೆ ಎಂದು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದ ಮೊದಲಲ್ಲಿ ನಡೆಸಿದ ಸಮೀಕ್ಷೆ ಈ ಕಾಡಿನ ಬೆಲೆಯನ್ನು ಎತ್ತಿ ತೋರಿಸಿತ್ತು.

ಶಿಖರ ಇರುವುದು ಉದ್ಯಾನದ ನಡುಮಧ್ಯದಲ್ಲಲ್ಲ. ಘಟ್ಟದ ಅಂಚಿನಲ್ಲಿ, ಚಿಕ್ಕಮಗಳೂರು ಮತ್ತು ದಕ್ಷಿಣ ಕನ್ನಡದ ಗಡಿಯ ಮೇಲೆ. ಪೂರ್ವಕ್ಕೆ ಕಳಸದ ಕಡೆಯ ಗುಡ್ಡಗಳು ಮೆಲ್ಲಮೆಲ್ಲಗೆ ಇಳಿಯುತ್ತವೆ. ಪಶ್ಚಿಮಕ್ಕೆ ನೆಲವೇ ಮುಗಿದ ಹಾಗೆ ಬೆಳ್ತಂಗಡಿ ಸೀಮೆಯ ತೋಟಗಳ ತನಕ ಒಂದೇ ಇಳಿತ. ಆಚೆ ಕಡಲಿಗೆ ನೇರ ಲೆಕ್ಕದಲ್ಲಿ ಸುಮಾರು 50 ಕಿ.ಮೀ. ಬಾನು ತಿಳಿಯಾಗಿದ್ದರೆ ಟಿಪ್ಪು 1794ರಲ್ಲಿ ಕೋಟೆ ಕಟ್ಟಿಸಿದ ಗಡಾಯಿಕಲ್ಲು ಎಂಬ ಬಂಡೆಬೆಟ್ಟ ಕೆಳಗೆ ಒಂದು ಬೆಲ್ಲದಚ್ಚಿನಷ್ಟು ಕಾಣಿಸುತ್ತದೆ.

ಪಶ್ಚಿಮದಲ್ಲಿ ಗೋಡೆ, ಪೂರ್ವದಲ್ಲಿ ಇಳಿಜಾರು. ಬೆಟ್ಟದ ಸ್ವಭಾವವೆಲ್ಲ ಈ ಆಕಾರದಿಂದಲೇ ಹುಟ್ಟುವುದು. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ಪಶ್ಚಿಮ ತೀರದಿಂದ ಬಿಟ್ಟುಕೊಂಡಾಗ ಭೂಮಿಯ ಅಂಚು ಕಡಿದಾಗಿ ನಿಂತಿತು. ಮಳೆ ಅದನ್ನು ಕೊರೆಯುತ್ತ ಕೊರೆಯುತ್ತ ಅಂಚು ಒಳನಾಡಿನ ಕಡೆಗೆ ಸರಿದಿದೆ. ಕಲ್ಲು ಮಾತ್ರ ಅದಕ್ಕಿಂತ ಎಷ್ಟೋ ಹಳೆಯದು, 250 ಕೋಟಿ ವರ್ಷಕ್ಕೂ ಹಿಂದಿನದು. ಈ ಸೀಮೆಯ ಗುಡ್ಡಗಳಲ್ಲಿ ಕಬ್ಬಿಣದ ಮ್ಯಾಗ್ನಟೈಟ್ ಮತ್ತು ಬೆಣಚುಕಲ್ಲು ಪಟ್ಟೆ ಪಟ್ಟೆಯಾಗಿ ಕೂಡಿದ ಶಿಲೆ ಇದೆ. ಅದು ಸುಲಭಕ್ಕೆ ಸವೆಯುವುದಿಲ್ಲ. ಸುತ್ತಲಿನ ಮೆದುಕಲ್ಲು ಕರಗಿಹೋದ ಮೇಲೂ ಇದು ಏಣಾಗಿ, ಅಂದರೆ ಗುಡ್ಡದ ಚೂಪು ಬೆನ್ನಾಗಿ, ಎದ್ದು ನಿಲ್ಲುತ್ತದೆ. ಇಂಥ ಬಂಡೆಯ ಮೇಲೆ ದಿಕ್ಸೂಚಿ ಇಟ್ಟು ದಿಕ್ಕು ನೋಡಬಾರದು. ಅಯಸ್ಕಾಂತದ ಗುಣವಿರುವ ಕಲ್ಲು ಮುಳ್ಳನ್ನು ತನ್ನ ಕಡೆಗೆ ಎಳೆಯಬಲ್ಲದು.

ಗಣಿಯ ಮಾತು ಇಲ್ಲೇ ಹೇಳಿಬಿಡಬೇಕು, ಗೊಂದಲ ಬಹಳ ಇದೆ. ಗಣಿ ಇದ್ದದ್ದು ಶಿಖರದಲ್ಲಲ್ಲ. ಕುದುರೆಮುಖ ಪಟ್ಟಣದ ಪಕ್ಕದ ಗುಡ್ಡಗಳಲ್ಲಿ. 1976ರಲ್ಲಿ ಸರ್ಕಾರಿ ಕಂಪನಿ ಸ್ಥಾಪನೆಯಾಯಿತು. ಅದಿರನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, 67 ಕಿ.ಮೀ. ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಇಳಿಸುತ್ತಿದ್ದರು. ಉಳಿದ ಹೂಳನ್ನು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿಸಿದರು. ಗಣಿಯಿಂದ ಭದ್ರೆಗೆ ಸೇರುತ್ತಿದ್ದ ಮಣ್ಣು ಗಣಿಯ ವಿರುದ್ಧದ ವ್ಯಾಜ್ಯದಲ್ಲಿ ಒಂದು ಮುಖ್ಯ ವಿಷಯವಾಗಿತ್ತು. ಸುಪ್ರೀಂ ಕೋರ್ಟ್ 2002ರಲ್ಲಿ ಕೊಟ್ಟ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಮುಳ್ಳೋಡಿಯಿಂದ ಹತ್ತುವಾಗ ಕಾಣುವ ಬೋಳುಗುಡ್ಡಗಳಿಗೂ ಗಣಿಗೂ ಸಂಬಂಧವಿಲ್ಲ.

ಹಾಗಾದರೆ ಹುಲ್ಲು ಯಾಕೆ? ಮುಂಗಾರಿನಲ್ಲಿ ಕಡಲಿನಿಂದ ಬಂದ ತೇವದ ಗಾಳಿಗೆ 50 ಕಿ.ಮೀ. ದಾಟುವಷ್ಟರಲ್ಲಿ ಈ ಗೋಡೆ ಎದುರಾಗುತ್ತದೆ. ಹೋಗಲು ಬೇರೆ ದಾರಿಯಿಲ್ಲ, ಮೇಲೇರಬೇಕು. ಏರಿದ ಗಾಳಿ ಪ್ರತಿ 1000 ಮೀಟರಿಗೆ ಸುಮಾರು 6 ಡಿಗ್ರಿಯಂತೆ ತಣ್ಣಗಾಗುತ್ತದೆ. ತಣ್ಣಗಾದ ಗಾಳಿ ತನ್ನ ನೀರನ್ನು ಹೊತ್ತುಕೊಳ್ಳಲಾರದೆ ಸುರಿದುಬಿಡುತ್ತದೆ. ಕುದುರೆಮುಖದ ಸುತ್ತ ವರ್ಷಕ್ಕೆ 7000 ಮಿ.ಮೀ. ಆಸುಪಾಸು ಮಳೆ ಬೀಳುವುದು ಹೀಗೆ. ಬೆಂಗಳೂರಿನಲ್ಲಿ ವರ್ಷವಿಡೀ ಬೀಳುವ ಮಳೆಗೆ ಇದು ಆರೇಳು ಪಟ್ಟು. ಅದರಲ್ಲೂ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ನಡುವಿನ ನಾಲ್ಕು ತಿಂಗಳಲ್ಲೇ.

ಇಷ್ಟು ಮಳೆ ಬಿದ್ದರೂ ನೆತ್ತಿಯ ಮೇಲೆ ದೊಡ್ಡ ಮರ ನಿಲ್ಲುವುದಿಲ್ಲ. ಏಣಿನ ಮೇಲೆ ಮಣ್ಣು ತೆಳು, ಕೆಳಗೆ ಕಲ್ಲು. ಬೇರು ಆಳಕ್ಕೆ ಇಳಿಯಲು ಜಾಗವಿಲ್ಲ. ಅಡ್ಡವಿಲ್ಲದ ಗಾಳಿ ಸಸಿಯನ್ನು ಅಲುಗಿಸಿ ಅಲುಗಿಸಿ ಒಣಗಿಸುತ್ತದೆ. ನಾಲ್ಕು ತಿಂಗಳು ನೀರಿನಲ್ಲಿ ನೆನೆದ ಅದೇ ಮಣ್ಣು ಬೇಸಿಗೆಯಲ್ಲಿ ಬಿಸಿಲಿಗೆ ಬಿರಿಯುತ್ತದೆ, ಆಗ ಬೆಂಕಿಯೂ ಬರುತ್ತದೆ. ಹುಲ್ಲಿಗೆ ಇದಾವುದೂ ಲೆಕ್ಕಕ್ಕಿಲ್ಲ: ಅದರ ಜೀವ ನೆಲದ ಮಟ್ಟದಲ್ಲಿ, ಬುಡದ ಗಂಟಿನಲ್ಲಿ ಇರುತ್ತದೆ. ಮೇಲೆ ಸುಟ್ಟರೂ ಮೊದಲ ಮಳೆಗೆ ಚಿಗುರುತ್ತದೆ. ಮಡಿಕೆಗಳಲ್ಲಿ ಮಾತ್ರ ಎಲ್ಲ ತಿರುವುಮುರುವು. ಅಲ್ಲಿ ಗಾಳಿ ತಾಗದು, ಮೇಲಿನಿಂದ ಹರಿದುಬಂದ ಮಣ್ಣು ದಪ್ಪಗೆ ಕೂತಿರುತ್ತದೆ, ಬೇಸಿಗೆಯಲ್ಲೂ ತೇವ ಆರುವುದಿಲ್ಲ. ಅಲ್ಲೇ ಶೋಲಾ ಕಾಡು: ನೇರಳೆ, ದಾಲ್ಚಿನ್ನಿ ಜಾತಿಯ ಕುಳ್ಳು ಮರಗಳು, ಕೊಂಬೆ ತುಂಬ ಪಾಚಿ, ನೆತ್ತಿಗಳು ಒಂದೇ ಮಟ್ಟದಲ್ಲಿ ಕತ್ತರಿಸಿಟ್ಟಂತೆ. ಹುಲ್ಲಿಗೂ ಕಾಡಿಗೂ ನಡುವಿನ ಗಡಿ ಎಷ್ಟು ಚೂಪಾಗಿದೆಯೆಂದರೆ ಒಂದು ಕಾಲು ಬಿಸಿಲಿನಲ್ಲಿ, ಇನ್ನೊಂದು ಕತ್ತಲಿನಲ್ಲಿ ಇಟ್ಟು ನಿಲ್ಲಬಹುದು.

ಗಾಳಿ, ಮಣ್ಣು, ಚಳಿ, ಬೆಂಕಿ ಇವುಗಳಲ್ಲಿ ಯಾವುದರ ಪಾಲು ಎಷ್ಟು ಅನ್ನುವ ಚರ್ಚೆ ವಿಜ್ಞಾನಿಗಳ ನಡುವೆ ಇನ್ನೂ ಇದೆ. ಆದರೆ ಪಶ್ಚಿಮ ಘಟ್ಟದ ಎತ್ತರದ ಹುಲ್ಲುಗಾವಲು ಮನುಷ್ಯ ಕಾಡು ಕಡಿದು ಮಾಡಿದ್ದಲ್ಲ ಅನ್ನುವುದಕ್ಕೆ ಒಳ್ಳೆಯ ಸಾಕ್ಷ್ಯ ನೀಲಗಿರಿಯ ಜೌಗು ಮಣ್ಣಿನಲ್ಲಿ ಸಿಕ್ಕಿದೆ. ಹುಲ್ಲು ಮತ್ತು ಮರ ಇಂಗಾಲವನ್ನು ಹೀರುವ ಬಗೆ ಬೇರೆ ಬೇರೆ. ಕೊಳೆತು ಪದರ ಪದರವಾಗಿ ಕೂತ ಮೇಲೂ ಆ ಗುರುತು ಅಳಿಯುವುದಿಲ್ಲ. 1993ರಲ್ಲಿ ಪ್ರಕಟವಾದ ಅಧ್ಯಯನ ಆ ಪದರಗಳನ್ನು ಓದಿ, ಕಳೆದ 20,000 ವರ್ಷಗಳಲ್ಲಿ ಹವಾಮಾನ ಬದಲಾದಂತೆ ಹುಲ್ಲು ಮತ್ತು ಕಾಡು ಒಂದನ್ನೊಂದು ತಳ್ಳುತ್ತ ಬಂದಿವೆ ಎಂದು ತೋರಿಸಿತು. ಅಲ್ಲಿ ಬೇಸಾಯ ಶುರುವಾಗುವುದಕ್ಕೆ ಬಹಳ ಮುಂಚೆಯೇ ಹುಲ್ಲು ಇತ್ತು. ಇದು ತಿಳಿಯದೆ ಘಟ್ಟದ ಎಷ್ಟೋ ಕಡೆ ಹುಲ್ಲುಗಾವಲನ್ನು ಪಾಳು ಎಂದು ಬಗೆದು ಅಕೇಶಿಯಾ, ನೀಲಗಿರಿ ಮರಗಳನ್ನು ನೆಟ್ಟರು. ಹಸಿರು ಮಾಡುತ್ತೇವೆಂದು ಹೊರಟು ಹಸಿರನ್ನೇ ಹೂಳಿದ ಹಾಗಾಯಿತು. ಬಟ್ಟಬಯಲು ಅಂದುಕೊಂಡ ಜಾಗದಲ್ಲಿ ಮಂಡಿಯೂರಿ ನೋಡಬೇಕು. ಮಳೆ ಕಡಿಮೆಯಾದ ಮೇಲೆ ಜವುಳು ನೆಲದಲ್ಲಿ ಅಂಗಿಯ ಗುಂಡಿಯಷ್ಟೇ ಅಗಲದ ಕೆಂಪು ಎಲೆಗಳ ಗಿಡವೊಂದು ಸಿಗುತ್ತದೆ. ಎಲೆಯ ಪ್ರತಿ ಕೂದಲಿನ ತುದಿಗೂ ಒಂದು ಮಿನುಗುವ ಹನಿ. ಇಬ್ಬನಿ ಅಂತ ಕೂತ ಗುಂಗುರು ಅಲ್ಲೇ ಅಂಟಿಕೊಂಡು ಗಿಡದ ಊಟವಾಗುತ್ತದೆ. ಮಣ್ಣಿನ ಸಾರವನ್ನು ಮಳೆ ತೊಳೆದುಕೊಂಡು ಹೋಗುವ ಜಾಗದಲ್ಲಿ ಆ ಗಿಡ ಕಂಡುಕೊಂಡ ದಾರಿ ಅದು.

ಈಗ ನೀರು. ಹುಲ್ಲಿನ ಬೇರುಗಳು ಮೇಲಿನ ಮಣ್ಣನ್ನು ಕಂಬಳಿಯಂತೆ ನೇಯ್ದು ಹಿಡಿದಿವೆ. ಹನಿ ಹುಲ್ಲಿನ ಎಸಳಿಗೆ ಬಡಿದು, ಬುಡಕ್ಕೆ ಜಾರಿ, ನಿಧಾನವಾಗಿ ಇಂಗುತ್ತದೆ. ಕೆಳಗಿನ ಮಡಿಕೆಯಲ್ಲಿ ಶೋಲಾದ ತರಗೆಲೆ ಅದನ್ನು ಇನ್ನಷ್ಟು ತಡೆಯುತ್ತದೆ. ಹೀಗೆ ಇಂಗಿದ್ದು ತಿಂಗಳುಗಟ್ಟಲೆ ಒಸರುತ್ತ ಹಳ್ಳವಾಗುವುದರಿಂದಲೇ ಮಳೆ ನಿಂತು ಎಷ್ಟೋ ತಿಂಗಳಾದ ಮೇಲೂ ದಾರಿಯ ಹಳ್ಳಗಳಲ್ಲಿ ನೀರಿರುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಮೂರರ ಮೂಲವೆನ್ನುವ ಗಂಗಾಮೂಲ ಇರುವುದೂ ಇದೇ ಉದ್ಯಾನದೊಳಗೆ. ಶಿಖರದ ಪಶ್ಚಿಮಕ್ಕೆ ಬಿದ್ದ ನೀರು ನೇತ್ರಾವತಿ ಸೇರಿ ಮಂಗಳೂರಿನಲ್ಲಿ ಕಡಲಿಗೆ ಬೀಳುತ್ತದೆ. ಪೂರ್ವಕ್ಕೆ ಬಿದ್ದದ್ದು ಭದ್ರೆಯಾಗಿ ಲಕ್ಕವಳ್ಳಿಯ ಅಣೆಕಟ್ಟು ದಾಟಿ, ಕೂಡಲಿಯಲ್ಲಿ ತುಂಗೆಯನ್ನು ಕೂಡಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ.

ಆದರೆ ನೆನೆದ ಕಂಬಳಿ ಇನ್ನೂ ನೀರು ಕುಡಿಯುವುದಿಲ್ಲ. ಜುಲೈ ಹೊತ್ತಿಗೆ ಈ ಮಣ್ಣಿನ ಹೊಟ್ಟೆ ತುಂಬಿರುತ್ತದೆ. ಆಮೇಲೆ ಬಿದ್ದ ಮಳೆ ಇಂಗದೆ ಮೇಲೆಯೇ ಹರಿದು ನೇರ ಹಳ್ಳಕ್ಕೆ. ಚಾರಣದಲ್ಲಿ ಜನ ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ಹಳ್ಳ ಮಧ್ಯಾಹ್ನ ತೊಡೆಯ ತನಕ ಬಂದಿರಬಹುದು, ನೀವಿದ್ದಲ್ಲಿ ಒಂದು ಹನಿಯೂ ಬೀಳದೆ. ನೋಡಬೇಕಾದದ್ದು ಬಣ್ಣ. ತಿಳಿಯಾಗಿದ್ದ ನೀರು ಕದಡಿ ಕಂದಾಯಿತೆಂದರೆ, ಎಲೆ ಕಡ್ಡಿ ತೇಲಿ ಬರತೊಡಗಿತೆಂದರೆ, ಮೇಲೆ ಜೋರು ಮಳೆಯಾಗಿದೆ. ದಾಟುವ ಮಾತು ಬಿಟ್ಟು ಕಾಯಬೇಕು. ಏರಿದ ಹಳ್ಳ ಮೇಲಿನ ಮಳೆ ನಿಂತರೆ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ರಭಸದ ನೀರು ಮಂಡಿಗಿಂತ ಮೇಲಿದ್ದರೆ ದಾಟಲೇಬಾರದು. ದಾಟಬಹುದಾದಾಗಲೂ ಹಳ್ಳ ಕಿರಿದಾದ ಜಾಗ ಬೇಡ, ಅಲ್ಲಿ ಆಳವೂ ಸೆಳೆತವೂ ಹೆಚ್ಚು. ಅಗಲವಾಗಿ ಹರಡಿ ಹರಿಯುವ ಕಡೆ ನೋಡಿ. ಬೆನ್ನಿನ ಚೀಲದ ಸೊಂಟದ ಪಟ್ಟಿ ಬಿಚ್ಚಿಕೊಂಡಿರಿ, ಬಿದ್ದರೆ ಚೀಲ ಕಳಚಿಹೋಗಲಿ. ಬೂಟು ಬಿಚ್ಚಬೇಡಿ. ಬರಿಗಾಲಿಗೆ ಪಾಚಿಕಲ್ಲಿನ ಹಿಡಿತ ಸಿಗುವುದಿಲ್ಲ.

ಇನ್ನು ಹೊತ್ತಿನ ಲೆಕ್ಕ. ಸಂಸೆ ಕಡೆಯ ಬಾಳ್ಗಲ್‌ನಿಂದ ಮುಳ್ಳೋಡಿಗೆ ಹೋಗುವ ಮಣ್ಣುದಾರಿಯಲ್ಲಿ ಜೀಪೇ ಗತಿ, ಸಾಮಾನ್ಯ ಕಾರಿನ ತಳ ಕಲ್ಲಿಗೆ ಹೊಡೆಯುತ್ತದೆ. ಮುಳ್ಳೋಡಿಯಿಂದ ತುದಿಗೆ 9ರಿಂದ 10 ಕಿ.ಮೀ., ಏರು ಸುಮಾರು 900 ಮೀಟರ್. ಮಟ್ಟಸ ದಾರಿಯಲ್ಲಿ ಗಂಟೆಗೆ 5 ಕಿ.ಮೀ., ಏರಿಗೆ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ ಅನ್ನುವ ಹಳೆಯ ಲೆಕ್ಕ ಹಿಡಿದರೆ ಮೂರೂವರೆ ಗಂಟೆ. ಕೆಸರು, ಹಳ್ಳ, ಗುಂಪಿನಲ್ಲಿ ಹಿಂದೆ ಬೀಳುವವರು ಇದನ್ನೆಲ್ಲ ಸೇರಿಸಿದರೆ ನಾಲ್ಕೂವರೆ. ಇಳಿಯಲು ಮೂರೂವರೆಯಿಂದ ನಾಲ್ಕು. ಒದ್ದೆ ಇಳಿಜಾರಿನಲ್ಲಿ ಇಳಿಯುವುದು ಬೇಗ ಆಗುವ ಕೆಲಸವಲ್ಲ. ಬೆಳಿಗ್ಗೆ 7ಕ್ಕೆ ಹೊರಟವರು ಹನ್ನೊಂದೂವರೆಗೆ ತುದಿಯಲ್ಲಿರಬೇಕು. ಎಲ್ಲಿಯೇ ಇರಲಿ, 12.30ಕ್ಕೆ ತಿರುಗಿಬಿಡಿ. ತುದಿ ಇನ್ನು ಅರ್ಧ ಗಂಟೆಯ ದೂರದಲ್ಲಿ ಕಾಣುತ್ತಿದ್ದರೂ ಸರಿಯೇ. ಅರ್ಧ ಗಂಟೆ ಅನ್ನುವುದು ಹೋಗಿಬರುವಷ್ಟರಲ್ಲಿ ಒಂದೂವರೆ ಗಂಟೆಯಾಗುತ್ತದೆ, ಆಮೇಲೆ ಕೊನೆಯ ಶೋಲಾದೊಳಗೆ ನಡೆಯುವಾಗ ಕತ್ತಲು. ಆ ಹೊತ್ತಿನಲ್ಲಿ ಅದು ಕಾಟಿಗಳ, ಅಂದರೆ ಕಾಡುಕೋಣಗಳ, ದಾರಿ.

ಮಧ್ಯಾಹ್ನದ ಗಡುವಿಗೆ ಇನ್ನೂ ಒಂದು ಕಾರಣವಿದೆ. ಹೊತ್ತು ಏರಿದಂತೆ ಕೆಳಗಿನ ಸೀಮೆಯ ಗಾಳಿ ಕಾದು ಗೋಡೆಯನ್ನು ಹತ್ತುತ್ತದೆ, ಮೋಡ ಅಂಚಿನ ಮೇಲಿಂದ ಹಾಲು ಉಕ್ಕಿದಂತೆ ಈಚೆಗೆ ಬೀಳುತ್ತದೆ. ಹತ್ತು ನಿಮಿಷದಲ್ಲಿ ಹತ್ತು ಹೆಜ್ಜೆ ಮುಂದಿನದು ಕಾಣದಂತಾಗುತ್ತದೆ. ಪಶ್ಚಿಮದ ಅಂಚಿನಲ್ಲಿ ಹುಲ್ಲು ಬಂಡೆಯಿಂದ ಆಚೆಗೆ ಬಾಗಿ ಬೆಳೆದಿರುತ್ತದೆ. ನೆಲ ಅಂತ ಕಾಲಿಟ್ಟಲ್ಲಿ ಕೆಳಗೆ ಗಾಳಿ ಇರಬಹುದು. ಅಂಚಿನಿಂದ ಮೂರು ಮೀಟರ್ ಈಚೆಗೇ ಇರಿ, ಮಂಜಿನಲ್ಲಿ ಫೋಟೊಗಾಗಿ ಹಿಂದೆ ಹಿಂದೆ ಸರಿಯುವುದಂತೂ ಬೇಡವೇ ಬೇಡ. ಏಪ್ರಿಲ್, ಮೇ ಮತ್ತು ಅಕ್ಟೋಬರ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಬರುತ್ತದೆ. ಬೋಳುಗುಡ್ಡದ ಮೇಲೆ ಎಲ್ಲಕ್ಕಿಂತ ಎತ್ತರದ ವಸ್ತು ಮನುಷ್ಯನೇ. ಮಿಂಚಿಗೂ ಗುಡುಗಿಗೂ ನಡುವೆ 30 ಎಣಿಸುವಷ್ಟೂ ಸಮಯವಿಲ್ಲದಿದ್ದರೆ ಸಿಡಿಲು 10 ಕಿ.ಮೀ. ಒಳಗಿದೆ. ಏಣು ಬಿಟ್ಟು ತಗ್ಗಿಗೆ ಇಳಿಯಬೇಕು. ಒಂಟಿಮರ ದಾರಿಯ ಗುರುತಿಗೆ ಒಳ್ಳೆಯದು. ಸಿಡಿಲಿನ ಹೊತ್ತಿನಲ್ಲಿ ಅದರ ಬುಡಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ.

ಚಳಿಯನ್ನು ಹಗುರವಾಗಿ ಎಣಿಸುವವರೇ ಹೆಚ್ಚು. ಬೆಳ್ತಂಗಡಿಯಲ್ಲಿ 30 ಡಿಗ್ರಿ ಇದ್ದರೆ ತುದಿಯಲ್ಲಿ 19 ಅಥವಾ 20. ಬ್ರಿಟಿಷರ ಕಾಲದಲ್ಲಿ ಮಂಗಳೂರಿನ ಸೆಕೆ ತಾಳದೆ ಅಧಿಕಾರಿಗಳು ಇಲ್ಲಿ ಬಂಗಲೆ ಕಟ್ಟಿಸಿಕೊಂಡಿದ್ದರು. ಮೇಲಿನ ಬಯಲಿನಲ್ಲಿ ಹಳೆಯ ಕಲ್ಲುಕಟ್ಟಡದ ಗೋಡೆಗಳು ಈಗಲೂ ನಿಂತಿವೆ. ಅವರಿಗೆ ಹಿತವಾದ ಆ ತಂಪು ಮಳೆಯಲ್ಲಿ ತೊಯ್ದು ಗಾಳಿಗೆ ನಿಂತವನಿಗೆ ಹಿತವಲ್ಲ. ಜೀನ್ಸ್ ನೀರು ಕುಡಿದು ಭಾರವಾಗಿ, ಮೈಯ ಬಿಸಿಯನ್ನೆಲ್ಲ ಹೀರುತ್ತದೆ. ಬೇಗ ಒಣಗುವ ಬಟ್ಟೆ ಹಾಕಿಕೊಳ್ಳಿ, ಒಂದು ಜೊತೆ ಒಣ ಅಂಗಿಯನ್ನು ನೀರು ಹೋಗದ ಚೀಲದಲ್ಲಿ ಕಟ್ಟಿಕೊಂಡು ತುದಿಯಲ್ಲಿ ಬದಲಿಸಿ. ಯಾರಾದರೂ ನಡುಗುತ್ತ ನಡುಗುತ್ತ ಮಾತು ತೊದಲತೊಡಗಿದರೆ ಅವರನ್ನು ನಡೆಸಬೇಡಿ. ಮೊದಲು ಒಣಬಟ್ಟೆ, ಗಾಳಿಗೆ ಅಡ್ಡ, ಸಿಹಿ ತಿನಿಸು.

ಇಂಬಳದ (ಜಿಗಣೆಯ) ವಿಷಯಕ್ಕೆ ಹೆದರಿಕೆ ಬೇಡ, ತಿಳಿವಳಿಕೆ ಸಾಕು. ಶೋಲಾದ ನೆರಳಿನಲ್ಲಿ ಅವು ಹೆಚ್ಚು, ಬಿಸಿಲು ಬಿದ್ದ ಹುಲ್ಲಿನಲ್ಲಿ ಕಡಿಮೆ. ಕಾಡಿನೊಳಗೆ ನಿಂತು ವಿಶ್ರಾಂತಿ ಪಡೆಯದಿದ್ದರೆ ಅರ್ಧ ಕಾಟ ತಪ್ಪುತ್ತದೆ. ಕಚ್ಚಿದ ಇಂಬಳದ ಮೇಲೆ ಉಪ್ಪು ಸುರಿದರೆ, ಬೆಂಕಿ ಮುಟ್ಟಿಸಿದರೆ ಅದು ಹೊಟ್ಟೆಯಲ್ಲಿದ್ದುದನ್ನು ಗಾಯದೊಳಗೇ ಕಾರಬಹುದು, ನಂಜಾಗುತ್ತದೆ. ಉಗುರನ್ನು ಅದರ ಸಣ್ಣ ತುದಿಯ, ಅಂದರೆ ಬಾಯಿಯ, ಪಕ್ಕದಿಂದ ಚರ್ಮಕ್ಕೆ ಒತ್ತಿ ಜಾರಿಸಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಅದು ಬಿಟ್ಟಿರುವುದರಿಂದ ಗಾಯ ಸ್ವಲ್ಪ ಹೊತ್ತು ಒಸರುತ್ತದೆ. ಬಟ್ಟೆ ಒತ್ತಿ ಹಿಡಿದರೆ ಸಾಕು. ನಿಜಕ್ಕೂ ಎಚ್ಚರ ಬೇಕಾದದ್ದು ಉಣುಗಿನ ವಿಷಯದಲ್ಲಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆಯನ್ನು ಹರಡುವುದು ಅದೇ. ಕಾಲ ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇ. ಆ ತಿಂಗಳುಗಳಲ್ಲಿ ಉಣುಗನ್ನು ದೂರವಿಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿಕೊಳ್ಳಿ. ತರಗೆಲೆಯ ಮೇಲೆ ಕೂರಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಿ. ಮನೆಗೆ ಹೋದ ಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲು ಮರೆಯಬೇಡಿ.

ರಾಷ್ಟ್ರೀಯ ಉದ್ಯಾನವಾದ್ದರಿಂದ ಅನುಮತಿಯಿಲ್ಲದೆ ಹತ್ತುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅರಣ್ಯ ಇಲಾಖೆಯ ಜಾಲತಾಣದಲ್ಲಿ ಮುಂಗಡ ಕಾಯ್ದಿರಿಸಬೇಕು, ಗುರುತಿನ ಚೀಟಿಯ ಮೂಲಪ್ರತಿ ಜೊತೆಗಿರಬೇಕು, ದಿನಕ್ಕೆ ಇಂತಿಷ್ಟೇ ಜನ. ಮೇಲೆ ರಾತ್ರಿ ಉಳಿಯುವಂತಿಲ್ಲ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ, ಮಳೆ ಅತಿಯಾದಾಗ ಹಳ್ಳದ ಭಯಕ್ಕೆ ದಾರಿ ಮುಚ್ಚುತ್ತಾರೆ. ಹೊರಡುವ ಹಿಂದಿನ ದಿನ ಮತ್ತೊಮ್ಮೆ ವಿಚಾರಿಸಿಕೊಳ್ಳಿ. ಬೆಳ್ತಂಗಡಿ ಕಡೆಯಿಂದ ಗೋಡೆ ಹತ್ತುವ ಹಳೆಯ ಜಾಡುಗಳ ವಿವರ ಹಿಡಿದು ಹೊರಡುವುದು ಅಪರಾಧವೂ ಹೌದು, ಅಪಾಯವೂ ಹೌದು.

ಕೊನೆಗೆ ಜಾಡಿನ ಮಾತು, ಹತ್ತುವವರ ಕೈಯಲ್ಲೇ ಇರುವಂಥದ್ದು. ದಾರಿ ಕೊರೆದಿರುವ ಕಡೆ ಪಕ್ಕದ ಮಣ್ಣಿನ ಗೋಡೆಯನ್ನು ನೋಡಿ: ಮೇಲೆ ಬೇರು ತುಂಬಿದ ಕಪ್ಪು ಮಣ್ಣಿನ ಪದರ, ಕೆಳಗೆಲ್ಲ ಕೆಂಪು. ನೀರನ್ನು ಹಿಡಿದಿಡುವ ಕೆಲಸದ ಬಹುಪಾಲು ಆ ಕಪ್ಪು ಪದರದ್ದೇ. ಜಾಡಿನಲ್ಲಿ ಕೆಸರಾದಾಗ ಬೂಟು ಕೊಳೆಯಾಗದಿರಲೆಂದು ಜನ ಪಕ್ಕದ ಹುಲ್ಲಿನ ಮೇಲೆ ಕಾಲಿಡುತ್ತಾರೆ. ನೂರು ಜನ ಇಟ್ಟರೆ ಹುಲ್ಲು ಸಾಯುತ್ತದೆ, ಅಲ್ಲೂ ಕೆಸರಾಗುತ್ತದೆ, ಮುಂದಿನವರು ಇನ್ನೂ ಆಚೆ. ಎರಡು ಅಡಿಯ ಜಾಡು ಇಪ್ಪತ್ತು ಅಡಿಯಾಗುವುದು ಹೀಗೆ. ಬೇರಿನ ಕಂಬಳಿ ಹರಿದ ಜಾಗದಲ್ಲಿ ಮುಂಗಾರಿನ ನೀರು ಕಾಲುವೆ ತೋಡಿಕೊಂಡು ಕೆಂಪು ಮಣ್ಣನ್ನು ಹಳ್ಳಕ್ಕೆ ಒಯ್ಯುತ್ತದೆ. ಹಾಗಾಗಿ ಕೆಸರಿದ್ದಲ್ಲಿ ಜಾಡಿನ ನಟ್ಟನಡುವೆ, ಕೆಸರಿನೊಳಗೇ ನಡೆಯಿರಿ, ಒಬ್ಬರ ಹಿಂದೆ ಒಬ್ಬರು. ಇಳಿಯುವಾಗ ತಿರುವುಗಳನ್ನು ಕತ್ತರಿಸಿ ನೇರ ಜಾರುವುದು ಬೇಡ; ಆ ಗೆರೆಯಲ್ಲೇ ಮುಂದಿನ ಮಳೆಯ ನೀರು ಇಳಿಯುತ್ತದೆ. ಬೂಟಿನ ಕೆಸರನ್ನು ಮುಳ್ಳೋಡಿಗೆ ಬಂದ ಮೇಲೆ ತೊಳೆದುಕೊಳ್ಳಬಹುದು.